ಉತ್ತರದ ಗ್ವಾಡಿಗೆ ಹಾಕಿದ ಗಂಟಿ

ಆಗ ನನಗ ಅರವತ್ತೇಳು. ಈಗ ಅದಕ್ಕ ಏಳು ವರ್ಷ ಆತು. ವಯಸ್ಸು ಖಾತ್ರಿ ಐತಿ ಅಂತಲ್ಲ, ಆಧಾರ್ ಕಾರ್ಡಿನ್ಯಾಗ ಹಂಗ ಬರದಾರ, ನಾನೂ ಅದನ್ನ ನಂಬೇನಿ.

ಮೊನ್ನೆ ನಮ್ಮ ಸೊಸಿ ಬಚ್ಚಲಕ್ಕ ಫಿನಾಯಿಲ್ ಸುರುವಿದಳು. ಬೀಗರು ಬರೋರಿದ್ರು, ಅದಕ್ಕ ಜರಾ ಜಾಸ್ತಿನ ಸುರುವಿದಳು. ಆ ವಾಸನಿ ಮೂಗಿಗೆ ಬಡಿದ ಕೂಡಲೆ ನನಗ ಮೈಯೆಲ್ಲಾ ದಣದಂಗ ಆತು. ಕೆಲಸ ಏನೂ ಮಾಡಿರಲಿಲ್ಲ, ಕಟ್ಟಿ ಮ್ಯಾಲ ಕುಂತು ತೊಗರಿ ಹಸನ ಮಾಡಾಕತ್ತಿದ್ದೆ. ಮುಖ ನೋಡಿ ಸೊಸಿ, ತಲಿ ನೋಯ್ತೈತೇನ್ರಿ ಅತ್ತಿ ಅಂತ ಕೇಳಿದಳು. ತಲಿ ನೋವಲ್ಲ ಅದು. ಆ ವರ್ಷದ ಮಳಿಗಾಲ ಪೂರ್ತಿ ನಾನು ಆ ವಾಸನಿ ಒಳಗ ತಿರಗೇನಿ.

ನಾನು ಗೊಳಸಂಗಿಯಾಕಿ. ಎರಡನೇ ಇಯತ್ತೆ ಮುಗಿಸೋದರಾಗ ಸಾಲಿ ಬಿಡಿಸಿದ್ರು. ಸಹಿ ಮಾಡ್ತೇನಿ, ಬಸ್ಸಿನ ಬೋರ್ಡ್ ಓದ್ತೇನಿ. ಇದನ್ನೂ ನಾನ ಬರದೇನಿ, ಮೊಮ್ಮಗಳು ಕಾಗುಣಿತ ತಿದ್ದ್ಯಾಳ. ಊರಾಗ ಹೆಣಮಕ್ಕಳ ಸಂಘ ನಡಸತಿದ್ದೆ. ಹಿಂಗ ಒಂದಿನ ಸಂಘಕ್ಕ ಹೇಳಿ ಕಳಿಸಿದ್ರು. ಮುದುಕರನ್ನ ಇಟಗೊಂಡು ನೋಡಿಕೊಳ್ಳೋ ಮನಿಗಳ ತಪಾಸಣಿಗೆ ಅಧಿಕಾರಿ ಜೋಡಿ ವಯಸ್ಸಾದ ಹೆಣಮಗಳು ಒಬ್ಬಾಕಿ ಬೇಕು ಅಂತ. ಅಲ್ಲಿ ಇರೋ ಮುದುಕ್ಯಾರು ಅಧಿಕಾರಿಗಳ ಮುಂದ ಬಾಯಿ ಬಿಡೂದಿಲ್ಲ, ತಮ್ಮಂಥಾಕಿ ಮುಂದ ಬಿಡ್ತಾರ ಅಂತ ಅವರ ಲೆಕ್ಕ. ಬ್ಯಾರೆ ಯಾರೂ ಒಪ್ಪಲಿಲ್ಲ. ನನಗ ಗಂಡ ಇಲ್ಲ, ಎಮ್ಮಿ ಇಲ್ಲ. ಹೋದೆ.

ಅಧಿಕಾರಿ ಶೈಲಜಾ ಮೇಡಂ ಮೈಸೂರ ಕಡಿಯಾಕಿ. ನನಗ ಗಂಗಮ್ಮ ಅಂತಿದ್ದಳು. ಗಂಗವ್ವ ಅನ್ರಿ ಅಂತ ಎರಡು ಮೂರು ಸಲ ಹೇಳಿ ಬಿಟ್ಟುಬಿಟ್ಟೆ. ನಾನು ಮಾತಾಡಿದ್ರ ಬೈದಂಗ ಕೇಳಸ್ತೈತಿ ಅಂತಿದ್ದಳು. ಖರೆ ಬೈದಾಗ ಆಕಿಗೆ ಗೊತ್ತ ಆಗತಿರಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿಗೆ ಆಕಿ ಒಬ್ಬಾಕಿನ. ಒಂದು ಹಳೇ ಜೀಪು, ಅದನ್ನ ಹೊಡಿಯಾಕ ಇಮಾಮ. ಆ ವರ್ಷ ಮಳಿ ಬಿಡದ ಹಿಡದಿತ್ತು. ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಜೀಪು ಎಲ್ಲಂದ್ರಲ್ಲಿ ನಿಂತು ಬಿಡತಿತ್ತು. ಇಳಿದು ನೂಕೂದು, ಹತ್ತೂದು, ಮತ್ತ ಇಳಿಯೂದು. ಸಿಂದಗಿ ಹಾದಿಗೆ ಒಂದು ಸಲ ಮೇಡಂನ ಚಪ್ಪಲಿ ಮಣ್ಣಾಗ ಹೂತು ಹೋಗಿ, ಆಕಿ ಬರಿಗಾಲಿಲೆ ತಪಾಸಣಿ ಮಾಡಿದಳು. ಸಂಜಿಕೆ ಮನಿ ಮುಟ್ಟೋದರಾಗ ನನ್ನ ಟೊಂಕ ನನ್ನ ಮಾತು ಕೇಳತಿರಲಿಲ್ಲ.

ಕೆಲಸ ಅಂದ್ರ ಇಷ್ಟ. ಮೇಡಂ ವಾಯರ್ ನೋಡೂದು, ಗ್ಯಾಸ್ ಎಲ್ಲಿ ಇಟ್ಟಾರ ನೋಡೂದು, ಗುಳಿಗಿಗಳ ತಾರೀಖು, ನೀರಿನ ಟಾಕಿ, ಸಂಡಾಸದಾಗ ಹಿಡಕೊಳ್ಳಾಕ ಕಬ್ಬಿಣ ಹಾಕ್ಯಾರೋ ಇಲ್ಲೋ. ನಾನು ಮುದುಕ್ಯಾರ ನಡುವ ಕುಂತು ಕೇಳೂದು. ಹೊಡಿತಾರೇನು, ಬಿಸಿ ಊಟ ಹಾಕ್ತಾರೇನು, ಜಳಕ ಮಾಡಸೋರು ಹೆಣಮಕ್ಕಳೋ ಗಂಡಸರೋ.

ನಾವು ಬರೋ ಸುದ್ದಿ ನಮಗಿಂತ ಮೊದಲ ಹೋಗಿರತಿತ್ತು. ಬಾಗಲದಾಗ ಕಾಲಿಟ್ರ ಫಿನಾಯಿಲ್. ಹಾಸಿಗಿ ಮ್ಯಾಲ ಮಡಿಕಿ ಗೆರಿ ಸೈತ ಹೋಗದ ಹೊಸ ಚಾದರ. ಏನ ಕೇಳಿದ್ರೂ ಒಂದ ಮಾತು: ಎಲ್ಲಾ ಛಲೋ ಐತ್ರಿ. ಬಾಗೇವಾಡಿ ಹತ್ತಿರದ ಒಂದು ಮನಿಯಾಗ ಒಬ್ಬಾಕಿ ನನ್ನ ಕಿವಿಗೆ ಬಾಯಿ ಹಚ್ಚಿದಳು. ಸಿಕ್ಕಿತು ಏನೋ ಒಂದು ಅಂದುಕೊಂಡೆ. "ಯವ್ವಾ, ನೀವು ದಿನಾ ಬರ್ರಿ. ನೀವು ಬಂದ್ರ ಬಾಳೆಹಣ್ಣು ಕೊಡ್ತಾರ" ಅಂದಳು.

ಮೇಡಂ ಬರಕೊಳ್ಳತಿದ್ದಳು, ಇದನ್ನ ಸರಿ ಮಾಡ್ರಿ ಅದನ್ನ ಸರಿ ಮಾಡ್ರಿ ಅಂತ ಹೇಳಿ ಬರತಿದ್ದಳು. ತಿರಗಿ ಹೋಗಿ ನೋಡಿದ್ರ ಹೆಂಗಿತ್ತೋ ಹಂಗ ಇರತಿತ್ತು. ಜೀಪಿನ್ಯಾಗ ಕುಂತು ಆಕಿ ಕಣ್ಣು ಮುಚ್ಚತಿದ್ದಳು. ನಿದ್ದಿ ಅಲ್ಲ ಅದು, ನನಗ ಗೊತ್ತು.

ಅಂಥಾದರಾಗ ಇಂಡಿ ಕಡಿ ಹೊರ್ತಿ ಊರು ದಾಟಿ ಒಳಗ ಹೋದ್ರ ಒಂದು ಹಳ್ಳಿ. ಊರ ಹೆಸರು ಬ್ಯಾಡ. ರಿಟೈರ್ ಆದ ಮಾಸ್ತರ ಒಬ್ಬರು, ಗುರುಪಾದಪ್ಪ ಅಂತ, ಹತ್ತಿ ಅರಳಿ ತುಂಬತಿದ್ದ ತಮ್ಮ ಹಳೇ ಗೋದಾಮಿನ್ಯಾಗ ಮುದುಕರನ್ನ ಇಟಗೊಂಡಿದ್ರು. ಗಂಡ ಹೆಂಡತಿ ಇಬ್ಬರೂ ಸೇರಿ ನಡಸತಿದ್ರು. ಮಾಸ್ತರಿಗೆ ಆಸಿ ಇರಲಿಲ್ಲ. ಅಂಜಿಕಿ ಭಾಳ ಇತ್ತು. ಮೇಡಂ ಕುರ್ಚಿ ಮ್ಯಾಲ ಕುಂಡ್ರೋತನಕ ತಾವು ಕುಂಡ್ರತಿರಲಿಲ್ಲ, ಕುಂತ ಮ್ಯಾಲೂ ಕುಂಡ್ರತಿರಲಿಲ್ಲ.

ಹೆಣಮಕ್ಕಳ ಗೋದಾಮು ಉದ್ದಕ್ಕ ಇತ್ತು. ಒಂದು ಕಡಿ ಗ್ವಾಡಿಗೆ ಬಾಗಲ ಕಿಡಕಿ, ಇನ್ನೊಂದು ಕಡಿ ಬರೇ ಗ್ವಾಡಿ. ಮಂಚಗೋಳು ಒಂದಕ್ಕೊಂದು ಹತ್ತಿ ನಿಂತಿದ್ದುವು, ಅಡ್ಡ ಕೆಲವು, ಉದ್ದ ಕೆಲವು. ಒಬ್ಬಾಕಿ ಏಳಬೇಕಂದ್ರ ಇನ್ನೊಬ್ಬಾಕಿ ಕಾಲು ಮಡಚಬೇಕು. ನಾವು ಹೋದಾಗ ಬಾಗವ್ವ ಅನ್ನಾಕಿಗೆ ನಮ್ಮ ಕಣ್ಣ ಮುಂದ ದಮ್ಮು ಎದ್ದಿತು. ಎಂಬತ್ತು ದಾಟಿದಾಕಿ, ಒಣ ಕಟಗಿ ಇದ್ದಂಗ ಇದ್ದಳು. ಮಾತಾಡಾಕ ಆಗವಲ್ದು, ಕೈ ಎತ್ತಾಕ ಆಗವಲ್ದು. ಮಾಸ್ತರ ಹೆಂಡತಿ ಹಿಂದ ಅಡಗಿ ಮನಿಯಾಗ ರೊಟ್ಟಿ ಬಡಿಯಾಕತ್ತಿದ್ದಳು, ಆ ಸಪ್ಪಳದಾಗ ಆಕಿಗೆ ಏನೂ ಕೇಳಿಲ್ಲ. ಮೇಡಂ ಮಂಚ ದಾಟಿ ಹತ್ತಿ ಇಳಿದು ಬಾಗವ್ವನ ಹತ್ತಿರ ಹೋಗೋದರಾಗ ಆಕಿ ತುಟಿ ನೀಲಿ ಆಗಿದ್ದುವು. ಪಕ್ಕದ ಮಂಚದ ಮಹಬೂಬಿ ಆಕಿನ ಎಬ್ಬಿಸಿ ಕುಂಡರಿಸಿ, ಔಷಧ ಜಗ್ಗಿಕೊಳ್ಳೋ ಕೊಳವಿ ಬಾಯಾಗ ಇಟ್ಟಳು. ಬದುಕಿದಳು.

ಅವತ್ತ ಮೇಡಂ ಖಡಕ್ ಆಗಿ ಹೇಳಿದಳು. ಎಲ್ಲಾ ಮಂಚ ಆ ಬರೇ ಗ್ವಾಡಿಗೆ ಸಾಲಾಗಿ ಹಚ್ಚಬೇಕು, ತಲಿ ಗ್ವಾಡಿ ಕಡಿ, ಕಾಲು ಬಾಗಲ ಕಡಿ. ನಡುವ ಓಡಾಡಾಕ ಹಾದಿ ಬಿಡಬೇಕು. ಪ್ರತಿ ತಲಿಗೆ ಒಂದು ಗಂಟಿ ಬಟನ್, ಒತ್ತಿದ್ರ ಅಡಗಿ ಮನಿಯಾಗ ಹೊಡಕೋಬೇಕು. ಮಾಸ್ತರ ಹೂಂ ಅಂದ್ರು. ಅದು ಎಲ್ಲಾರೂ ಅನ್ನೂದ.

ಆದ್ರ ಇವರು ಮಾಡಿದ್ರು. ಪಂಚಮಿ ಮುಗಿದ ಮ್ಯಾಲ ಎರಡನೇ ಸಲ ಹೋದ್ರ ಸಾಲು ಹಚ್ಚಿದ ಮಂಚ, ಸುಣ್ಣ ಹಚ್ಚಿದ ಗ್ವಾಡಿ, ಸಾಲಾಗಿ ಬಿಳೀ ಬಟನ್. ಬಾಗವ್ವ ಗ್ವಾಡಿಗೆ ತಲಿ ಕೊಟ್ಟು ನೆಟ್ಟಗ ಮಲಗಿದ್ದಳು. ಮೇಡಂ ಆಕಿ ಕೈಲೆ ಬಟನ್ ಒತ್ತಿಸಿದಳು. ಮಾಸ್ತರ ಹೆಂಡತಿ ಹಿಟ್ಟಿನ ಕೈಲೆ ಓಡಿ ಬಂದಳು. ಎಲ್ಲಾರೂ ನಕ್ಕರು. ಇನ್ನೊಬ್ಬಾಕಿ ಒತ್ತಿದಳು, ಮತ್ತ ಓಡಿ ಬಂದಳು. ಮೂರನೇದಾಕಿ ಕೈ ಹಾಕಿದ ಕೂಡಲೆ ಅಡಗಿ ಮನಿಯಿಂದ ಬೈಗಳ ಕೇಳಿತು.

ವಾಪಸ್ ಬರೋವಾಗ ಮೇಡಂ ಕಣ್ಣು ಮುಚ್ಚಲಿಲ್ಲ. ಇಂಡಿ ಹಾದಿಗುಂಟ ನಿಂಬಿ ತೋಟ ನೋಡಕೋತ ಕುಂತಿದ್ದಳು. "ಬರೀ ಬರ್ಕೊಂಡು ಬರ್ತೀವಿ ಅನ್ನಿಸಿಬಿಟ್ಟಿತ್ತು ಗಂಗಮ್ಮ. ಒಂದು ಕಡೆಯಾದರೂ ಆಯ್ತಲ್ಲ" ಅಂದಳು. ನನಗೂ ಹಂಗ ಅನಿಸಿತ್ತು. ಇಮಾಮ ಜೀಪು ನಿಂದರಿಸಿ ನಮಗ ಚಹಾ ಕುಡಿಸಿದ.

ದಸರಾ ಹತ್ತಿರ ಬಂದಾಗ ಮಾಸ್ತರ ಫೋನ್ ಮಾಡಿದ್ರು. ಬಾಗವ್ವ ಮಂಚದ ಮ್ಯಾಲಿಂದ ಬಿದ್ದು ಎಲುಬು ಮುರಿದೈತಿ. ಬಿದ್ದು ಭಾಳ ದಿನ ಆಗಿತ್ತು. ವಿಜಯಪುರ ದವಾಖಾನಿಗೆ ಒಯ್ದಿದ್ರು, ಈ ವಯಸ್ಸಿಗೆ, ಈ ದಮ್ಮಿಗೆ ಆಪರೇಷನ್ ಆಗೂದಿಲ್ಲ ಅಂತ ಡಾಕ್ಟರು ಹೇಳಿ ಕಳಿಸಿದ್ರು, ಈಗ ತಂದು ಹಾಕಿದ್ರು. ತಿಳಿಸಬೇಕಾಗಿತ್ತು, ಅಂಜಿಕಿ ಆಗಿ ತಿಳಿಸಿಲ್ಲ ಅಂದ್ರು.

ಮರುದಿನ ಹೋದ್ವಿ. ಮಳಿ ಹಿಂದಾಗಿತ್ತು, ಎರಿ ಒಣಗಿ ಬಿರಕ ಬಿಡಾಕತ್ತಿತ್ತು, ಹೊಲದಾಗ ಜ್ವಾಳ ಬಿತ್ತೋ ಗಡಿಬಿಡಿ. ಗೋದಾಮಿನ್ಯಾಗ ಎಲ್ಲಾರೂ ಸಾಲಾಗಿ ಗ್ವಾಡಿ ಕಡಿ ತಲಿ ಮಾಡಿ ಮಲಗಿದ್ರು. ಬಾಗವ್ವ ಒಬ್ಬಾಕಿ ಮಾತ್ರ ತಲಿ ಬಾಗಲ ಕಡಿ, ಕಾಲು ಗ್ವಾಡಿ ಕಡಿ. ಮೇಡಂ ನಿಂತು ನೋಡಿದಳು.

"ಇವರನ್ನ ಯಾಕೆ ಹೀಗೆ ಉಲ್ಟಾ ಮಲಗಿಸಿದ್ದೀರಾ? ಗಂಟೆ ಕಾಲ ಹತ್ರ ಇದೆಯಲ್ಲ?"

ಮಾಸ್ತರ ನೆಲ ನೋಡಿದ್ರು. ಹೆಂಡತಿ ಸೆರಗಿಗೆ ಕೈ ಒರಸಿದಳು. ಕಡೀಕ ಮಹಬೂಬಿ ಎದ್ದು ಕುಂತಳು. ಬಾಗವ್ವನಕಿಂತ ಐದಾರು ವರ್ಷ ಸಣ್ಣಾಕಿ, ಆದ್ರ ಆಕಿದೂ ಏನೂ ಉಳಿದಿರಲಿಲ್ಲ ಮೈಯಾಗ.

"ಆಕಿ ಒಬ್ಬಾಕಿ ಅಲ್ರಿ ಬಾಯಾರ. ನನ್ನೊಬ್ಬಾಕಿ ಬಿಟ್ಟು ಎಲ್ಲಾರೂ ಹಂಗ ಮಲಗತಾರ. ನಿಮ್ಮ ಗಾಡಿ ಸಪ್ಪಳ ಕೇಳಿದ್ರ ದಿಂಬು ತಗೊಂಡು ತಿರಗತಾರ. ಇವತ್ತ ಬಾಗಕ್ಕಗ ತಿರಗಾಕ ಆಗಿಲ್ಲ, ಸಿಕ್ಕಬಿದ್ದಾಳ."

ಆ ಬರೇ ಗ್ವಾಡಿ ಉತ್ತರಕ್ಕ ಇತ್ತು. ಉತ್ತರಕ್ಕ ತಲಿ ಹಾಕಿ ಯಾರು ಮಲಗತಾರ? ನಾನೂ ಮಲಗೂದಿಲ್ಲ. ಎರಡು ಸಲ ಆ ಗೋದಾಮಿಗೆ ಹೋಗಿದ್ದೆ, ಮಾಡ ಮುಸುಕಿತ್ತು, ಸೂರ್ಯ ಯಾವ ಕಡಿ ಅಂತ ನೋಡಿರಲಿಲ್ಲ. ಮೇಡಂ ಖಾಲಿ ಮಂಚದ ಮ್ಯಾಲ ಕುಂತುಬಿಟ್ಟಳು. ಆಕಿ ತಾಯಿನೂ ಹಂಗ ಮಲಗೂದಿಲ್ಲಂತ. ಉತ್ತರ ಯಾವ ಕಡಿ ಅಂತ ಒಂದು ಮಾತು ಕೇಳಲಿಲ್ಲವಲ್ಲ ಅಂತ ತನ್ನಷ್ಟಕ್ಕ ತಾನ ಅಂದಕೊಂಡಳು. ಆಮ್ಯಾಲ ಮಾಸ್ತರನ್ನ ಕೇಳಿದಳು, ನೀವಾದರೂ ಹೇಳಬಾರದಿತ್ತಾ ಅಂತ.

ಮಾಸ್ತರ ಹೇಳಿದ್ದು ಇಷ್ಟು. ಸರಕಾರದವರು ಬಂದು ಹಿಂಗ ಮಾಡ್ರಿ ಅಂದಾಗ ದಿಕ್ಕಿನ ಮಾತು ತಗದ್ರ, ಇಂವ ಮಾಸ್ತರಕಿ ಮಾಡಿ ಮೂಢನಂಬಿಕಿ ಆಡ್ತಾನ ಅಂತ ಬರದು ಮನಿ ಬಾಗಲ ಹಾಕಿಸ್ತೀರಿ ಅಂತ ಅಂಜಿದೆ. ಮಲಗೋರು ಹೆಂಗಾರ ಮಲಗಲಿ, ನೀವು ಬಂದಾಗ ಬರೂಬರಿ ಇದ್ರ ಆತು ಅಂದುಕೊಂಡೆ.

ಬಿದ್ದದ್ದು ಹೆಂಗ ಅಂತ ಮಹಬೂಬಿ ಹೇಳಿದಳು. ಮಧ್ಯಾಹ್ನ ಉಂಡು ಎಲ್ಲಾರೂ ಅಡ್ಡಾಗಿದ್ರು. ಮಹಬೂಬಿ ತಲಿ ಇದ್ದ ಕಡಿ ಬಾಗವ್ವನ ಕಾಲು. ಮಹಬೂಬಿಗೆ ಕಿವಿ ಮಂದ, ದಮ್ಮಿನ ಸಪ್ಪಳ ಕೇಳಿಲ್ಲ. ಬಾಗವ್ವನ ಕಾಲು ಬಡಕೊಳ್ಳೂದು ನೋಡಿ, ಏನ ಒದಿತಿ ಅಂತ ಬೈದಾಳ. ಆಮ್ಯಾಲ ತಿಳಿದು ತನ್ನ ಗಂಟಿ ಒತ್ತ್ಯಾಳ. ಅಷ್ಟರಾಗ ಬಾಗವ್ವ ತನ್ನ ಗಂಟಿ ಮುಟ್ಟಾಕ ಅಂತ ಮಂಚದ ಮ್ಯಾಲ ತಿರಗಾಕ ಹೋಗಿ ಫರಸಿ ಮ್ಯಾಲ ಬಿದ್ದಾಳ. ಗಂಟಿ ಹೊಡಿತು, ಅಡಗಿ ಮನಿಯಿಂದ ಬಂದ್ರು, ಜೀವ ಉಳಿತು. ಎಲುಬು ಉಳಿಲಿಲ್ಲ.

"ನೀ ಮಾತ್ರ ಯಾಕ ಗ್ವಾಡಿಗೆ ತಲಿ ಕೊಟ್ಟಿ?" ಅಂತ ಕೇಳಿದೆ.

"ನಮ್ಮೊಳಗ ಉತ್ತರಕ್ಕ ತಲಿ ಇಟ್ಟು ಮಣ್ಣು ಮಾಡ್ತಾರವ್ವ. ಈಗಿಂದ ರೂಢಿ ಆಗಲಿ ಅಂತ" ಅಂದಳು. ಆ ಕಡಿ ಮಂಚದಾಕಿ ಒಬ್ಬಾಕಿ ನಕ್ಕಳು, ಮೇಡಂ ಇದ್ದದ್ದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ನನಗ ಸಿಟ್ಟು ಬಂದಿತ್ತು. ಬಾಗವ್ವನ ಹತ್ತಿರ ಹೋಗಿ, "ಎಂಬತ್ತು ದಾಟಿದಾಕಿ, ಇನ್ನೂ ಸಾವಿಗೆ ಅಂಜತಿ ಏನ?" ಅಂದೆ.

ಆಕಿ ಉಸರು ತಗೊಂಡು ತಗೊಂಡು ಮಾತಾಡತಿದ್ದಳು. "ಸಾಯೂದು ಅವನ ಕೈಯಾಗ ಐತಿ ತಂಗಿ. ಹೆಂಗ ಮಲಗೂದು ಒಂದ ನನ್ನ ಕೈಯಾಗ ಇತ್ತು."



ಆಮ್ಯಾಲ ಖರೆ ಮಾತು ಬಂತು. ಆ ಮನಿಗೆ ಪರವಾನಗಿ ಕೊಟ್ಟಿದ್ದು ತಾವ ಎದ್ದು ಸಂಡಾಸಕ್ಕ ಹೋಗೋರನ್ನ ಇಟಗೊಳ್ಳಾಕ ಮಾತ್ರ. ಬಾಗವ್ವ ಇನ್ನ ಏಳೂದಿಲ್ಲ. ವಿಜಯಪುರದಾಗ ನರ್ಸ್ ಇರೋ ಮನಿ ಒಂದು ಐತಿ, ಅಲ್ಲಿಗೆ ಕಳಸಬೇಕು. ಮೇಡಂ ಇದನ್ನ ಬಾಗವ್ವನ ಮುಂದ ಕುಂತ ಹೇಳಿದಳು, ಹೊರಗ ಹೋಗಿ ಮಾಸ್ತರಿಗೆ ಹೇಳಲಿಲ್ಲ. ಅದು ಆಕಿ ದೊಡ್ಡತನ.

ಬಾಗವ್ವ ಒಲ್ಲೆ ಅಂದಳು. ಆಕಿಗೆ ಹಿಂದ ಮುಂದ ಯಾರಿಲ್ಲ. ಆ ಗೋದಾಮಿಗೆ ಬಂದ ಮ್ಯಾಲ ಮಹಬೂಬಿ ಸಿಕ್ಕಳು, ಅಷ್ಟ. ಇಬ್ಬರೂ ದಿನಾ ಜಗಳಾಡತಿದ್ರಂತ, ಕಿಡಕಿ ತಗಿ ಹಾಕು, ಫ್ಯಾನ್ ಹಚ್ಚು ಆರಿಸು. ಬಾಗವ್ವಗ ಹಲ್ಲಿಲ್ಲ, ಮಹಬೂಬಿ ರೊಟ್ಟಿ ಮುರಿದು ಹಾಲಿನ್ಯಾಗ ನೆನಸಿ ಕೊಡತಿದ್ದಳು. ಬಾಚಣಿಕಿ ತಗೊಂಡು ಬಾಗವ್ವನ ತಲಿ ಹಿಕ್ಕತಿದ್ದಳು. "ನನ್ನ ಇಲ್ಲೇ ಬಿಡ್ರಿ. ಅಲ್ಲಿ ನನ್ನ ಯಾರು ಬೈತಾರ?" ಅಂದಳು ಬಾಗವ್ವ.

ಮೇಡಂ ನನ್ನ ಮುಖ ನೋಡಿದಳು. ಎತ್ತಿ ಇಳಿಸಾಕ ಒಬ್ಬ ಗಟ್ಟಿ ಹೆಣಮಗಳನ್ನ ಇಡ್ತೇವಿ ಅಂತ ಮಾಸ್ತರ ಒಪ್ಪಿದ್ರ, ಇಲ್ಲೇ ಇರಲಿ ಅಂತ ಇಬ್ಬರೂ ಬರೀಬಹುದು ಅಂದಳು. ಮಾಸ್ತರ ಊರಾಗೆಲ್ಲಾ ಕೇಳಿ ಬಂದಿದ್ರು. ಬಿತ್ತಿಗಿ ಕಾಲ, ಹೊಲ ಬಿಟ್ಟು ಯಾರು ಬರ್ತಾರ ಮುದುಕಿ ಹೇಲು ಬಳಿಯಾಕ? ಮಾಸ್ತರ ಹೆಂಡತಿ ಮಣಕಾಲು ಹಿಡಕೊಂಡು ಏಳೋದು ನಾನ ನೋಡಿದ್ದೆ.

"ನಾ ಎತ್ತತೇನಿ" ಅಂದಳು ಮಹಬೂಬಿ. "ನಾ ಬಳಿತೇನಿ. ಯಾರ ಬ್ಯಾಡ ನಮಗ."

ಆಗೂದಿಲ್ಲ ಅಂತ ಮೇಡಂಗ ಅನ್ನಾಕ ಆಗಲಿಲ್ಲ. ನಾನ ಅಂದೆ: "ಎತ್ತು. ನೋಡೂಣು."

ಮಹಬೂಬಿ ಇಳಿದು ಬಂದು ಸೆರಗು ಸಿಗಿಸಿದಳು. ಬಾಗವ್ವನ ಹೆಗಲಿನ ಕೆಳಗ ಎರಡೂ ಕೈ ಹಾಕಿದಳು. ಎತ್ತಾಕ ಹೋದಳು. ಒಂದು ಗೇಣು ಎದ್ದಿರಬೇಕು ಬಾಗವ್ವ, ಚಿಟ್ಟನ ಚೀರಿದಳು. ಆದ್ರೂ ಮಹಬೂಬಿ ಬಿಡಲಿಲ್ಲ. ಬಾಗವ್ವ ತಾನ ಬಿಡು ಅಂದಳು. "ಬಿಡ ಮಾಬೂಬಿ. ನಿಂದೂ ಮುರಿತೈತಿ." ಹಗೂರಕ ಇಳಿಸಿ, ಕೈ ಜಗ್ಗಿಕೊಂಡು, ಮಹಬೂಬಿ ತನ್ನ ಮಂಚಕ್ಕ ಹೋಗಿ ನಮ್ಮ ಕಡಿ ಬೆನ್ನು ಮಾಡಿ ಕುಂತಳು.

ಮೇಡಂ ಬರದಳು. ನಾನು ಸಹಿ ಮಾಡಿದೆ. ತಪ್ಪು ಮಾಡೇನಿ ಅಂತಲ್ಲ. ಅಲ್ಲೇ ಬಿಟ್ಟಿದ್ರ ಬೆನ್ನಿಗೆ ಹುಣ್ಣು ಬಿದ್ದು ಹುಳ ಆಗತಿದ್ದುವು. ನಮ್ಮ ಅತ್ತಿ ಬೆನ್ನಿಗೆ ಆಗಿದ್ದುವು, ನನ್ನ ಕೈಲೆ ತಗದೇನಿ. ಅದನ್ನ ಕಂಡಾಕಿ ಇರಲಿ ಬಿಡು ಅಂತ ಬರಸೂದಿಲ್ಲ.

ಹೊರಡೋವಾಗ ಮಹಬೂಬಿ ತಿರಗದನ ಅಂದಳು, "ನಿಮಗೇನವ್ವ, ಸಹಿ ಮಾಡ್ತೀರಿ, ಗಾಡಿ ಹತ್ತತೀರಿ." ಹೌದು ಅಂದೆ. ಬ್ಯಾರೆ ಏನ ಹೇಳೂದು? ಮಾಡಿದ್ದು ಅದನ್ನ.

ಬಟನ್ ಗ್ವಾಡಿಯಿಂದ ಕಿತ್ತಿ, ಉದ್ದ ವಾಯರಿಗೆ ಕಟ್ಟಿ, ತಲಿ ಯಾವ ಕಡಿ ಇದ್ರೂ ಕೈಗೆ ಸಿಗೂವಂಗ ಮಾಡ್ರಿ ಅಂತ ಮೇಡಂ ಮಾಸ್ತರಿಗೆ ಹೇಳಿದಳು. ಮಾಡಿದ್ರು ಅವರು. ಬಾಗವ್ವ ವಿಜಯಪುರದಾಗ ಎರಡು ಚಳಿಗಾಲ ಕಳದಳು ಅಂತ ಆಮ್ಯಾಲ ಇಮಾಮ ಹೇಳಿದ. ಬೆನ್ನಿಗೆ ಹುಣ್ಣು ಬಿದ್ದಿರಲಿಲ್ಲಂತ. ಮಹಬೂಬಿ ಮಾಸ್ತರ ಜೋಡಿ ಒಂದ ಸಲ ಬಸ್ಸಿಗೆ ಹೋಗಿ ಬಂದಿದ್ದಳಂತ. ಇಬ್ಬರೂ ಏನು ಮಾತಾಡಿದ್ರು ಅಂತ ಅಂವಗ ಗೊತ್ತಿರಲಿಲ್ಲ.

ಸಹಿ ಮಾಡಿದ ದಿನ ಸಂಜಿಕೆ ಮನಿಗೆ ಬಂದು ಉಣ್ಣಲಿಲ್ಲ. ಬ್ಯಾಸರಕಿ ಏನಲ್ಲ, ದಣಿವು. ಹಂಗ ಬಿದ್ದುಕೊಂಡೆ.

ಮರುದಿನ ಮುಂಜಾನೆ ಬಾಗವ್ವನ್ನ ಒಯ್ಯಾಕ ಗಾಡಿ ಬರೋದಿತ್ತು. ನಿಡಗುಂದಿಗೆ ಹೋಗಿ ವಿಜಯಪುರದ ಬಸ್ಸು ಹಿಡದ್ರ ಆಕಿ ಮುಟ್ಟೋದರಾಗ ನಾನೂ ಮುಟ್ಟತಿದ್ದೆ. ಜಳಕ ಮಾಡಿ ಸೀರಿ ಉಟ್ಟು ಕಟ್ಟಿ ಮ್ಯಾಲ ಕುಂತಿದ್ದೆ. ಜೀಪು ಬಂತು. ಅವತ್ತಿನ ಪಾಳಿ ಮುದ್ದೇಬಿಹಾಳದ್ದು. ಹತ್ತಿದೆ. ಇಮಾಮ ರೇಡಿಯೋ ಹಚ್ಚಿ ತಾನ ಆರಿಸಿದ.

ಮುದ್ದೇಬಿಹಾಳದ ಆ ಮನಿಯಾಗೂ ಗ್ವಾಡಿಗೆ ಗಂಟಿ ಹಾಕಿದ್ರು. ಮುದುಕ್ಯಾರೆಲ್ಲಾ ಆ ಕಡಿ ತಲಿ ಮಾಡಿ ನೆಟ್ಟಗ ಮಲಗಿದ್ರು. ಊಟ ಹೆಂಗ, ಜಳಕ ಹೆಂಗ ಅಂತ ಯಾರನ್ನೂ ಏನೂ ಕೇಳಲಿಲ್ಲ. ಮೊದಲನೇ ಮಂಚದಾಕಿನ ಏಳವ್ವ ಅಂತ ಎಬ್ಬಿಸಿದೆ. "ನಾವು ಇಲ್ಲದಾಗ ನೀ ಹೆಂಗ ಮಲಗತಿ, ಹಂಗ ನನ್ನ ಮಲಗಸು" ಅಂದೆ. ಆಕಿ ಬಾಗಲದಾಗ ನಿಂತಿದ್ದ ಮನಿ ನಡಸೋನ ಮುಖ ನೋಡಿದಳು. ಇತ್ತ ನೋಡು, ನನ್ನ ನೋಡು ಅಂದೆ. ಆಮ್ಯಾಲ ಆಕಿ ದಿಂಬು ತಗದಳು. ಮಂಚದ ಈ ತುದಿಯಿಂದ ಆ ತುದಿಗೆ ಒಯ್ದು ಇಟ್ಟಳು.

ಚಪ್ಪಲಿ ಬಿಟ್ಟು ಮಲಗಿದೆ. ಕಣ್ಣು ಮುಚ್ಚಿ, ಗಂಟಿ ಇದ್ದ ಕಡಿ ಕೈ ಚಾಚಿದೆ. ಗ್ವಾಡಿನೂ ಸಿಗಲಿಲ್ಲ. ಕೈ ಹಂಗ ಚಾಚಿಕೊಂಡ ಮಲಗಿದ್ದೆ, ಮೇಡಂ ಬಂದು ನೋಡೋತನಕ.